ನನ್ನ ದಾರ ನನಗೆ

ಹುಡುಗಿಗೆ ಇಟ್ಟ ಹೆಸರು ಚೆನ್ನಾಗಿಯೇ ಇತ್ತು. ಆದರೆ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆದದ್ದಿಲ್ಲ. ಅವಳ ಅಮ್ಮನದು ಕಾಲೇಜಿನ ಎದುರು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಮಗು ಬೆಳೆದದ್ದೇ ಅಲ್ಲಿಯ ಮೇಜಿನ ಕೆಳಗೆ. ಕೈ, ಕೆನ್ನೆ, ಕೂದಲು ಎಲ್ಲಕ್ಕೂ ಅಂಟು ಮೆತ್ತಿಕೊಂಡು ಓಡಾಡುತ್ತಿದ್ದುದರಿಂದ ಗೋಂದು ಎಂದೇ ಆಗಿಹೋಯಿತು. ದೊಡ್ಡವಳಾದ ಮೇಲೆ ಕೈಯ ಅಂಟು ತೊಳೆದು ಹೋಯಿತು, ಸ್ವಭಾವದ ಅಂಟು ಹೋಗಲಿಲ್ಲ. ಯಾವುದನ್ನಾದರೂ ಹಿಡಿದಳೆಂದರೆ ಬಿಡಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ.

ಆ ಗುಣ ಎಲ್ಲಿಂದ ಬಂತು ಎಂದು ಹುಡುಕುತ್ತಾ ದೂರ ಹೋಗಬೇಕಿಲ್ಲ. ಒಮ್ಮೆ ಒಬ್ಬ ಸಂಶೋಧಕ ಮಹಾಶಯ ತನ್ನ ದಪ್ಪ ಪ್ರಬಂಧಕ್ಕೆ ಗಟ್ಟಿ ಹೊಲಿಗೆ ಹಾಕಿಸಿಕೊಂಡು, ಕೈಗೆ ಬಂದ ಮೇಲೆ ಹಿಂದೆ ಮುಂದೆ ತಿರುಗಿಸಿ ನೋಡಿ, ಹೊಲಿಗೆ ಸರಿಯಿಲ್ಲ, ಪೂರ್ತಿ ಕೊಡುವುದಿಲ್ಲ ಎಂದು ರಾಗ ಎಳೆದ. ಅಮ್ಮ ಕೂಗಾಡಲಿಲ್ಲ. ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು, ಕತ್ತರಿ ಹಿಡಿದಳು, ದಾರವನ್ನೆಲ್ಲ ಎಳೆದು ತೆಗೆದಳು. ಹಾಳೆಗಳನ್ನು ತಟ್ಟಿ ಸಮ ಮಾಡಿ ಅವನ ಮುಂದಿಟ್ಟು, "ನಿನ್ನ ಕಾಗದ ನಿನಗೆ, ನನ್ನ ದಾರ ನನಗೆ. ಸರಿಯಾಗಿ ಹೊಲಿಯೋರು ಇದ್ರೆ ಹೋಗಪ್ಪ" ಅಂದಳು. ಮಹಾಶಯನಿಗೆ ಅಂದೇ ಪ್ರಬಂಧ ಒಪ್ಪಿಸಬೇಕಿತ್ತು. ಮುಖ ಹುಳ್ಳಗೆ ಮಾಡಿಕೊಂಡು ಮತ್ತೆ ಸಾಲಿನಲ್ಲಿ ನಿಂತ. ಮೇಜಿನ ಕೆಳಗಿದ್ದ ಗೋಂದು ಇದನ್ನೆಲ್ಲ ಕಣ್ಣರಳಿಸಿ ನೋಡಿದ್ದಳು.

ಇಂಥವಳು ಮುಂದೆ ಹಳೆಯ ಪುಸ್ತಕಗಳ ದುರಸ್ತಿ ಕಲಿಯಲು ಪರದೇಶಕ್ಕೆ ಹೊರಟಾಗ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಬೈಂಡಿಂಗ್ ಕಲಿಯೋಕೆ ವಿಮಾನ ಹತ್ಬೇಕೇನೇ? ಅಮ್ಮನ ಅಂಗಡಿಗೆ ಮೆಟ್ಟಿಲು ಇಳಿದ್ರೆ ಆಯ್ತಲ್ಲ!" ಗೋಂದು ಪೆಟ್ಟಿಗೆ ಎತ್ತಿಕೊಂಡಳು. ಮುಟ್ಟಿದರೆ ಪುಡಿಯಾಗುವ ಹಾಳೆಗೆ ಮತ್ತೆ ಜೀವ ತುಂಬುವುದು ಬೇರೆಯದೇ ವಿದ್ಯೆ ಎಂದು ಚಿಕ್ಕಪ್ಪನಿಗೆ ವಿವರಿಸುತ್ತಾ ಕೂತರೆ ವಿಮಾನ ತಪ್ಪುತ್ತಿತ್ತು. ಅಲ್ಲಿಯ ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿದ ಮಾತು ಅವಳಿಗೆ ಬಹಳ ಹಿಡಿಸಿತು: ನೀವು ಇಂದು ಹಾಕಿದ ಹೊಲಿಗೆಯನ್ನು ನಾಳೆ ಯಾರಾದರೂ ಬಿಚ್ಚಬೇಕಾಗಬಹುದು. ಕಾಗದಕ್ಕೆ ನೋವಾಗದ ಹಾಗೆ ಬಿಚ್ಚಲು ಬರುವಂತಿದ್ದರೆ ಮಾತ್ರ ಅದು ಹೊಲಿಗೆ.

ಓದು ಸುಸೂತ್ರವಾಗಿಯೇ ನಡೆಯಿತು. ತೊಡಕು ಬಂದದ್ದು ಕೊನೆಯಲ್ಲಿ. ಯಾವುದಾದರೂ ಕಾರ್ಯಾಗಾರದಲ್ಲಿ ಇಂಟರ್ನ್‌ಶಿಪ್ ಮಾಡದೆ ಸರ್ಟಿಫಿಕೇಟ್ ಕೊಡುವುದಿಲ್ಲ, ಸರ್ಟಿಫಿಕೇಟ್ ಇಲ್ಲದವರು ದೇಶದಲ್ಲಿ ಇರುವಂತಿಲ್ಲ. ತಿಂಗಳು ಮುಗಿಯುವುದರೊಳಗೆ ಜಾಗ ಸಿಗದಿದ್ದರೆ ಇಷ್ಟು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮ. ಅಲ್ಲಿಯ ಹುಡುಗ ಹುಡುಗಿಯರಿಗೆ ಸೋದರಮಾವಂದಿರು, ಅಪ್ಪನ ಗೆಳೆಯರು, ಪಕ್ಕದ ಮನೆಯವರು ಎಲ್ಲ ಸೇರಿ ಜಾಗ ಹುಡುಕಿಕೊಟ್ಟಿದ್ದರು. ಗೋಂದುವಿಗೆ ಆ ಊರಿನಲ್ಲಿ ಗುರುತಿನವರೆಂದರೆ ಬಸ್ಸಿನ ಡ್ರೈವರ್ ಒಬ್ಬನೇ, ಅವನೂ ದಿನಾ ನೋಡಿ ಗುರುತಾದವನು.

ಅವಳು ಹತ್ತದ ಮೆಟ್ಟಿಲಿಲ್ಲ. ಹೋದಲ್ಲೆಲ್ಲ ಅವಳ ಹೊಲಿಗೆಯ ಮಾದರಿಗಳನ್ನು ನೋಡುವ ಮೊದಲೇ ವೀಸಾ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದರು. ಆಮೇಲೆ, ಇಲ್ಲಿಯ ಅನುಭವ ಇದೆಯೇ? "ಅದನ್ನ ಕೊಡಿ ಅಂತ ಕೇಳೋಕೆ ತಾನೇ ಬಂದಿರೋದು" ಎಂದು ಒಂದು ಕಡೆ ಅಂದುಬಿಟ್ಟಳು. ಆ ಬಾಗಿಲು ಅಷ್ಟಕ್ಕೇ ಮುಚ್ಚಿತು. ಕಾಲೇಜಿನಲ್ಲಿ ಇಂಟರ್ನ್‌ಶಿಪ್ ನೋಡಿಕೊಳ್ಳುವ ಮೇಡಂ ಕರೆಸಿ, "ಸ್ವಲ್ಪ ಹೊಂದ್ಕೊಂಡು ಹೋಗ್ಬೇಕಮ್ಮ. ನೀವುಗಳು ತುಂಬ ಮಾತಾಡ್ತೀರ" ಎಂದು ಬುದ್ಧಿ ಹೇಳಿದರು. ಇದೇ ಮೇಡಂ ಎಡಚಿಗೆ, "ನೀವುಗಳು ಬಾಯಿನೇ ಬಿಡಲ್ಲ" ಎಂದು ಬುದ್ಧಿ ಹೇಳಿದ್ದರು.

ಎಡಚಿ ಎಂದರೆ ಗೋಂದುವಿನ ಕೋಣೆಯ ಜೊತೆಗಾತಿ. ಅದೇ ಓದು, ಬೇರೆ ದೇಶ. ಸೂಜಿ, ಚಮಚ, ಪೆನ್ನು ಎಲ್ಲವೂ ಅವಳಿಗೆ ಎಡಗೈಯಲ್ಲೇ ಆಗಬೇಕು. ಇಬ್ಬರೂ ಮಾತಾಡುತ್ತಿದ್ದುದು ಇಬ್ಬರದ್ದೂ ಅಲ್ಲದ ಭಾಷೆಯಲ್ಲಿ. ಆದರೆ ಜಗಳ, ನಗು, ಕಣ್ಣೀರು ಎಲ್ಲ ಅದರಲ್ಲೇ ಸಲೀಸಾಗಿ ಸಾಗುತ್ತಿತ್ತು, ಹಾಗಾಗಿ ನಾವು ಕನ್ನಡದಲ್ಲೇ ಕೇಳಿಸಿಕೊಂಡರೆ ತಪ್ಪಿಲ್ಲ. ಎಡಚಿ ಕೆಲವು ವಾರಗಳ ಹಿಂದೆ ಒಂದು ಕಾರ್ಯಾಗಾರಕ್ಕೆ ಒಂದು ವಾರ ಕೆಲಸ ಮಾಡಿ ತೋರಿಸಲು ಹೋಗಿ, ಆಗುವುದಿಲ್ಲ ಎನ್ನಿಸಿಕೊಂಡು ಬಂದವಳು ಮತ್ತೆ ಯಾವ ಬಾಗಿಲೂ ತಟ್ಟಿರಲಿಲ್ಲ. ಒಂದು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳ ಸೂಟ್‌ಕೇಸು ಕಿಟಕಿಯ ಕೆಳಗೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅರ್ಧ ಬಟ್ಟೆ ಅದರಲ್ಲಿ, ಅರ್ಧ ಹೊರಗೆ.

ಅದೇ ಕಾರ್ಯಾಗಾರದಿಂದ ಗೋಂದುವಿಗೂ ಕರೆ ಬಂತು. ಒಂದು ವಾರ ಕೆಲಸ ಮಾಡಿ ತೋರಿಸಿ, ಕೈ ಚೆನ್ನಾಗಿದ್ದರೆ ಇಂಟರ್ನ್‌ಶಿಪ್ ಕೊಡುತ್ತೇವೆ ಎಂದರು. ಹೋಗಲೋ ಬೇಡವೋ ಎಂದು ಗೋಂದು ಎಡಚಿಯ ಮುಖ ನೋಡಿದಳು.

"ಹೋಗು. ಅವರು ಒಳ್ಳೆಯವರೇ. ನನ್ನ ಕೈ ಸರಿಯಿರ್ಲಿಲ್ಲ ಅಷ್ಟೆ" ಅಂದಳು ಎಡಚಿ. "ಹೊಲಿಗೆ ಸಡಿಲ ಅಂದ್ರು. ಪೂರ್ತಿ ಬಿಚ್ಚಿ ಮತ್ತೆ ಹೊಲೀಬೇಕಾಗುತ್ತೆ ಅಂದ್ರು. ಪಾಪ, ನನ್ನಿಂದ ಅವರಿಗೆ ಎರಡೆರಡು ಕೆಲಸ."

ಕಾರ್ಯಾಗಾರದ ಯಜಮಾನನನ್ನು ನೋಡಿದ ಕೂಡಲೇ ಗೋಂದು ಮನಸ್ಸಿನಲ್ಲೇ ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಳು. ಅಷ್ಟು ನುಣ್ಣಗಿನ ಮಾತು. ಎತ್ತರದ ಕಿಟಕಿಗಳ ಉದ್ದನೆಯ ಕೋಣೆ, ಗೋಡೆಗೆ ಒರಗಿದ ಕಬ್ಬಿಣದ ಪ್ರೆಸ್ಸುಗಳು, ದಾರದ ಉಂಡೆಗಳು, ಮೇಣದ ಬಿಲ್ಲೆ, ಒಲೆಯ ಮೇಲೆ ಕುದಿಯುವ ಅಂಟಿನ ಪಾತ್ರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಂದುವಿಗೆ ಅಮ್ಮನ ಮೇಜಿನ ಕೆಳಗೆ ಕೂತಂತಾಯಿತು. ಅವಳಿಗೆ ಈ ಜಾಗ ಬೇಕಿತ್ತು. ಸರ್ಟಿಫಿಕೇಟಿಗೆ ಮಾತ್ರವಲ್ಲ, ಅಲ್ಲಿ ಕೂತು ಹೊಲಿಯುವುದಕ್ಕಾಗಿಯೇ ಬೇಕಿತ್ತು.

ಒಂದು ಗ್ರಂಥಾಲಯಕ್ಕೆ ಸೇರಿದ ಹಳೆಯ ಗ್ರಂಥದ ನಾಲ್ಕು ಸಂಪುಟಗಳು ದುರಸ್ತಿಗೆ ಬಂದಿದ್ದವು. ಕೊನೆಯ ಸಂಪುಟವನ್ನು ಬೆಣ್ಣೆ ಅವಳ ಮುಂದಿಟ್ಟ. ಮಡಿಚಿದ ಹಾಳೆಗಳ ಮಡಿಕೆಗಳು ಒಂದರಿಂದೊಂದು ಬಿಟ್ಟುಕೊಂಡಿದ್ದವು. ಹರಿದ ಬೆನ್ನುಗಳಿಗೆ ತೆಳುಕಾಗದ ಅಂಟಿಸಿ, ಒಣಗಿಸಿ, ಮಡಿಕೆಯ ಮೇಲೆ ಮಡಿಕೆ ಇಟ್ಟು ಮೇಣ ಸವರಿದ ದಾರದಿಂದ ಹೊಲಿಯಬೇಕು. ಗೋಂದು ಊಟದ ಡಬ್ಬಿಯನ್ನೂ ಮರೆತು ಕೂತಳು. ಬೆಣ್ಣೆ ಹಿಂದಿನಿಂದ ಬಗ್ಗಿ ನೋಡಿ, "ವಾಹ್, ಎಂಥ ಕೈ! ಇಂಥ ಕೈ ನೋಡಿ ಎಷ್ಟು ಕಾಲ ಆಯ್ತು!" ಅನ್ನುತ್ತಿದ್ದ. ಹುಡುಗಿ ಉಬ್ಬಿಹೋದಳು. ಯಾರಿಗಾದರೂ ಹಾಗಾಗುತ್ತದೆ, ಅದರಲ್ಲಿ ನಾಚಿಕೊಳ್ಳುವಂಥದ್ದೇನಿಲ್ಲ.

ಹೊಲಿಗೆ ಮುಗಿಯುವ ಹೊತ್ತಿಗೆ ಅಳತೆ ಹೋಲಿಸಲು ಉಳಿದ ಸಂಪುಟಗಳನ್ನು ನೋಡಬೇಕಾಯಿತು. ನಾಲ್ಕಕ್ಕೂ ಒಟ್ಟಿಗೇ ರಟ್ಟು ಹಾಕುವುದಿದ್ದುದರಿಂದ ಅವು ಹೊಲಿಗೆ ಮುಗಿದು ಬೆತ್ತಲೆ ಬೆನ್ನಿನಲ್ಲಿ ಕಪಾಟಿನಲ್ಲಿ ಕಾಯುತ್ತಿದ್ದವು. ಮೊದಲನೆಯದನ್ನು ಕೈಗೆತ್ತಿಕೊಂಡ ಗೋಂದು ಹಾಗೇ ನಿಂತುಬಿಟ್ಟಳು. ಪ್ರತಿ ಮಡಿಕೆಯ ಕೊನೆಯಲ್ಲಿ ಬೀಳುವ ಗಂಟು ಎಲ್ಲರಿಗೂ ಬಲಕ್ಕೆ ವಾಲುತ್ತದೆ. ಇಲ್ಲಿ ಎಲ್ಲವೂ ಎಡಕ್ಕೆ ವಾಲಿದ್ದವು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತವಳಿಗೆ ಆ ಗಂಟು ಯಾರದೆಂದು ಹೇಳಿಕೊಡಬೇಕೇ? ಸಡಿಲ ಎಂದಿದ್ದ, ಪೂರ್ತಿ ಬಿಚ್ಚಬೇಕು ಎಂದಿದ್ದ ಹೊಲಿಗೆ ಒಂದೆಳೆಯೂ ಅಲುಗದೆ ಅಲ್ಲೇ ಇತ್ತು. ಎರಡನೆಯ ಸಂಪುಟವನ್ನು ದಾರ ವಿಪರೀತ ಬಿಗಿಯಾಗಿ ಎಳೆಯುವವರು ಯಾರೋ ಹೊಲಿದಿದ್ದರು. ಮೂರನೆಯದನ್ನು ಹೊಲಿದವರು ಗಂಟಿನ ತುದಿ ಉದ್ದ ಬಿಡುವವರು. ನಾಲ್ಕು ಸಂಪುಟಕ್ಕೆ ನಾಲ್ಕು ಕೈ. ಬೆಣ್ಣೆಯ ಕೈ ಒಂದರಲ್ಲೂ ಇರಲಿಲ್ಲ.

ಸಂಜೆ ಎಡಚಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಆಮೇಲೆ ಮಂಚದ ಅಂಚಿನಲ್ಲಿ ಕೂತು ತನ್ನ ಎಡಗೈಯನ್ನೇ ನೋಡಿಕೊಂಡಳು. ಲಾಂಡ್ರಿಯ ಬಿಸಿಗೆ ಬೆರಳುಗಳು ಕೆಂಪಗೆ ಊದಿದ್ದವು.

"ನಾನು ಆ ವಾರದಿಂದ ಸೂಜಿ ಮುಟ್ಟಿಲ್ಲ ಕಣೇ" ಅಂದಳು. "ನಂಗೆ ಬರಲ್ಲ ಅಂತ ಊರಿಗೂ ಹೇಳಿಬಿಟ್ಟೆ."

ಗೋಂದುವಿಗೆ ಪಿತ್ತ ನೆತ್ತಿಗೇರಿತು. ಆದರೆ ಕೋಪದ ಜೊತೆಗೇ ತಲೆಯಲ್ಲಿ ಇನ್ನೊಂದು ಹುಳವೂ ಕೊರೆಯುತ್ತಿತ್ತು. ಒಂದು ವೇಳೆ ತನಗೆ ಮಾತ್ರ ಜಾಗ ಕೊಟ್ಟುಬಿಟ್ಟರೆ? ಅಷ್ಟು ಹೊಗಳಿದ್ದಾನಲ್ಲ? ಮನೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಅಮ್ಮ ಅಂಗಡಿಯ ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು.

"ನಿಂಗೆ ಆ ಜಾಗ ಬೇಕಾ?"

"ಬೇಕಮ್ಮ. ತುಂಬ ಬೇಕು. ಅದಿಲ್ದಿದ್ರೆ ಗಂಟುಮೂಟೆ ಕಟ್ಕೊಂಡು ಬರ್ಬೇಕು."

"ಬಂದ್ರೆ ಬಾ, ಅಂಗಡಿ ಎಲ್ಲೂ ಓಡಿಹೋಗಲ್ಲ. ಇದ್ರೆ ಇರು. ಆದ್ರೆ ಒಂದು ಮಾತು ಯೋಚ್ನೆ ಮಾಡು. ನಾಳೆ ಅವನು ಇನ್ನೊಬ್ಬಳನ್ನ ಹೀಗೇ ಕರೆಸ್ತಾನೆ. ಆಗ ಬಾಗಿಲು ತೆಗೆದು, ಬಾಮ್ಮ ಕೂತ್ಕೋ ಅನ್ನೋಳು ನೀನೇ ಆಗಿರ್ತೀಯ."

ಅಷ್ಟು ಹೇಳಿ ಅಮ್ಮ ಮತ್ತೆ ಯಂತ್ರ ಚಾಲೂ ಮಾಡಿದಳು.

ವಾರದ ಕೊನೆಯ ದಿನ ಬಂತು. ಮಧ್ಯಾಹ್ನ ಗ್ರಂಥಾಲಯದವರು ಹೊಲಿಗೆ ನೋಡಲು ಬರುವವರಿದ್ದರು. ಬೆಣ್ಣೆ ಹೊಸ ಕೋಟು ತೊಟ್ಟು ನಾಲ್ಕೂ ಸಂಪುಟಗಳನ್ನು ಮೇಜಿನ ಮೇಲೆ ಜೋಡಿಸಿದ. ಆಮೇಲೆ ಗೋಂದುವನ್ನು ಪಕ್ಕಕ್ಕೆ ಕರೆದು, ತುಂಬ ಸಂಕಟಪಟ್ಟವನ ಹಾಗೆ ತಲೆ ಓರೆ ಮಾಡಿದ.

"ನೋಡಮ್ಮ, ಮನಸ್ಸಿಗೆ ಬೇಜಾರು ಮಾಡ್ಕೋಬಾರದು. ನಿನ್ನಲ್ಲಿ ಆಸಕ್ತಿ ಇದೆ. ಆದ್ರೆ ಹೊಲಿಗೆ ಸ್ವಲ್ಪ ಸಡಿಲ. ಇದನ್ನೆಲ್ಲ ನಾವು ಬಿಚ್ಚಿ ಮತ್ತೆ ಮಾಡ್ಬೇಕಾಗುತ್ತೆ. ಈ ಸಲ ಜಾಗ ಕೊಡೋಕಾಗಲ್ಲ. ಒಂದು ವಾರ ಕಲಿತ್ಯಲ್ಲ, ಅದೇ ದೊಡ್ಡದು."

ಎಡಚಿಗೆ ಹೇಳಿದ್ದೂ ಇದೇ ಮಾತು. ಅಕ್ಷರ ಆಚೀಚೆಯಾಗಿರಲಿಲ್ಲ. ಹೊಸದೊಂದು ಸುಳ್ಳು ಹೇಳುವಷ್ಟು ಮರ್ಯಾದೆಯನ್ನೂ ಈ ಮನುಷ್ಯ ತನಗೆ ಕೊಡಲಿಲ್ಲವಲ್ಲ ಎಂದು ಗೋಂದುವಿಗೆ ಮೈಯೆಲ್ಲ ಉರಿಯಿತು. ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಬಿಟ್ಟಳು. ಆಮೇಲೆ ಅವಳ ದನಿಯೂ ಬೆಣ್ಣೆಯಷ್ಟೇ ನುಣ್ಣಗಾಯಿತು.

"ಅಯ್ಯೋ ಸರ್, ನೀವ್ಯಾಕೆ ಬಿಚ್ಚೋ ತೊಂದ್ರೆ ತಗೋತೀರ? ನಾನು ಮಾಡಿದ ತಪ್ಪು, ನಾನೇ ಸರಿ ಮಾಡ್ಕೊಡ್ತೀನಿ."

ಹಾಗೆಂದು ನೇರವಾಗಿ ಮೇಜಿಗೆ ಹೋಗಿ ತನ್ನ ಸಂಪುಟವನ್ನು ಎಳೆದುಕೊಂಡು ಕೂತಳು. ಸಣ್ಣ ಕತ್ತರಿ ತೆಗೆದು ಮೊದಲ ಗಂಟನ್ನು ಕತ್ತರಿಸಿದಳು. ದಾರ ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಜಾರಿ ಬಂತು. ಮೇಲಿನ ಮಡಿಕೆ ಬಿಡಿಯಾಯಿತು. ಅದನ್ನು ಮಗ್ಗುಲು ಬದಲಿಸಿ ಮಲಗಿಸಿ ಎರಡನೆಯದಕ್ಕೆ ಕೈಹಾಕಿದಳು.

ಬೆಣ್ಣೆಗೆ ಏನಾಗುತ್ತಿದೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಏ, ಏ! ಏನ್ಮಾಡ್ತಿದ್ದೀಯ? ಬಿಡು, ಇರ್ಲಿ ಬಿಡು!"

"ಸಡಿಲ ಅಂದ್ರಲ್ಲ ಸರ್?"

"ಸ್ವಲ್ಪ... ಅಷ್ಟೇನಿಲ್ಲ. ನಡೆಯುತ್ತೆ."

"ನಡೆಯುತ್ತೆ ಅಂದ್ರೆ ಹೇಗೆ ಸರ್? ನಿಮ್ಮ ಹೆಸರು ಹಾಳಾಗುತ್ತೆ." ಮೂರನೆಯ ಮಡಿಕೆ ಬಿಡಿಯಾಯಿತು.

ಬೆಣ್ಣೆ ಬಾಗಿಲ ಕಡೆ ನೋಡಿದ, ಗಡಿಯಾರ ನೋಡಿದ. ಅವನ ಹಣೆಯ ಮೇಲೆ ಬೆವರು ಮೂಡಿತು. ಕೈ ಹಿಡಿದು ನಿಲ್ಲಿಸುವಂತಿಲ್ಲ, ಹಳೆಯ ಕಾಗದ ಹರಿದುಹೋದೀತು. ಕೊನೆಗೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ.

"ಆಯ್ತು. ಆಯ್ತಮ್ಮ. ಜಾಗ ಕೊಡ್ತೀನಿ. ಈಗಲೇ ಕಾಲೇಜಿಗೆ ಫೋನ್ ಮಾಡ್ತೀನಿ. ಕತ್ತರಿ ಕೆಳಗಿಡು."

ಗೋಂದುವಿನ ಕೈ ನಿಂತಿತು. ಯಾವುದಕ್ಕಾಗಿ ಅಷ್ಟು ಮೆಟ್ಟಿಲು ಹತ್ತಿದ್ದಳೋ ಅದು ಕೈಗೆ ಸಿಗುವಷ್ಟು ಹತ್ತಿರ ಬಂದು ಕೂತಿತ್ತು. ಕತ್ತರಿ ಕೆಳಗಿಟ್ಟರೆ ಸಾಕು. ಸರ್ಟಿಫಿಕೇಟ್, ಈ ಎತ್ತರದ ಕಿಟಕಿ, ಅಂಟಿನ ವಾಸನೆ, ಚಿಕ್ಕಪ್ಪನ ಮುಂದೆ ತಲೆಯೆತ್ತಿ ನಿಲ್ಲುವುದು, ಎಲ್ಲವೂ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಕಾದಷ್ಟು ಆಸೆಯಾಯಿತು. ಆದರೆ ಕಣ್ಣು ಮೊದಲ ಸಂಪುಟದ ಮೇಲೆ ಬಿತ್ತು. ಎಡಕ್ಕೆ ವಾಲಿದ ಗಂಟುಗಳು ಸಾಲಾಗಿ ಕಂಡವು, ಅವುಗಳ ಜೊತೆಗೆ ಊದಿದ ಬೆರಳುಗಳೂ ಕಂಡವು.

"ಅದನ್ನ ಹೊಲಿದವಳಿಗೆ?" ಎಂದು ಕೇಳಿದಳು.

"ಯಾವಳು?" ಅಂದ ಬೆಣ್ಣೆ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ಆ ಒಂದು ಮಾತಿಗೆ ಗೋಂದುವಿನ ಮನಸ್ಸು ಗಟ್ಟಿಯಾಯಿತು. ಮತ್ತೆ ಅವಳು ತಲೆ ಎತ್ತಲಿಲ್ಲ. ಬೆಣ್ಣೆ ಬೇಡಿದ, ಗದರಿದ, ನಿನಗೆ ಈ ಊರಿನಲ್ಲಿ ಎಲ್ಲೂ ಕೆಲಸ ಸಿಗದ ಹಾಗೆ ಮಾಡುತ್ತೇನೆ ಎಂದ. "ಈಗೇನು ಸಿಕ್ಕಿದೆ ಸರ್?" ಎಂದಳು, ಅಷ್ಟೇ. ಕೊನೆಯ ಮಡಿಕೆಯನ್ನು ಬಿಡಿಸಿ, ಎಲ್ಲವನ್ನೂ ಕ್ರಮ ತಪ್ಪದಂತೆ ಜೋಡಿಸಿ, ತಟ್ಟಿ ಸಮ ಮಾಡಿ, ಬಿಳಿ ಬಟ್ಟೆಯ ಪಟ್ಟಿಯಿಂದ ಕಟ್ಟಿದಳು. ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿಕೊಂಡಳು. ಉಳಿದ ಮೂರನ್ನು ಮುಟ್ಟಲಿಲ್ಲ. ಅವು ಬೇರೆಯವರ ದಾರಗಳು, ಬಿಚ್ಚುವ ಹಕ್ಕು ಅವರದು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಗ್ರಂಥಾಲಯದ ಮೇಲ್ವಿಚಾರಕಿ ಒಳಗೆ ಬಂದರು. ಗಿಡ್ಡ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಮುಖದಲ್ಲಿ ನಗುವಿನ ಸುಳಿವಿಲ್ಲ. ಮೇಜಿನ ಮೇಲೆ ಮೂರು ಹೊಲಿದ ಸಂಪುಟ, ಒಂದು ಬಿಚ್ಚಿದ ಕಟ್ಟು. ಅವರು ಬೆಣ್ಣೆಯ ಮುಖ ನೋಡಿದರು.

"ಇದು ಇನ್ನೂ ಆಗಿಲ್ವಾ?"

ಬೆಣ್ಣೆ ಬಾಯಿ ತೆರೆಯುವುದರೊಳಗೆ ಗೋಂದು ಎದ್ದು ನಿಂತಳು.

"ಆಗಿತ್ತು ಮೇಡಂ. ಕೆಲಸ ಕೊಡ್ತೀವಿ ಅಂತ ಒಂದು ವಾರ ಪುಕ್ಕಟೆ ಹೊಲಿಸ್ಕೊಂಡು, ಹೊಲಿಗೆ ಸಡಿಲ, ಬಿಚ್ಚಬೇಕು ಅಂದ್ರು. ಬಿಚ್ಚಿಕೊಟ್ಟಿದ್ದೀನಿ. ಮಿಕ್ಕ ಮೂರನ್ನೂ ನನ್ನಂಥೋರೇ ಹೊಲಿದಿದ್ದು, ಅವರ ಪೈಕಿ ಒಬ್ಬಳಿಗೂ ಇದೇ ಮಾತು ಹೇಳಿದ್ದಾರೆ." ಬಿಳಿ ಪಟ್ಟಿ ಕಟ್ಟಿದ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದಿಟ್ಟಳು. "ನಿಮ್ಮ ಕಾಗದ ನಿಮಗೆ. ನನ್ನ ದಾರ ನನಗೆ."

ಉಂಡೆಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದಳು. ಬಸ್ ನಿಲ್ದಾಣದ ಕಂಬ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ದಿನಾ ಬರುವ ಡ್ರೈವರ್ ಬಸ್ಸು ನಿಲ್ಲಿಸಿ ಅವಳು ಮುಖ ಒರೆಸಿಕೊಳ್ಳುವವರೆಗೂ ಕಾದ.

ಎಡಚಿ ಇಡೀ ಕಥೆ ಕೇಳಿ ತಲೆ ಮೇಲೆ ಕೈಹೊತ್ತು ಕೂತಳು. "ಕೊಡ್ತೀನಿ ಅಂದ್ನಲ್ಲೇ! ತಗೋಬಾರ್ದಿತ್ತಾ?"

"ತಗೊಂಡಿದ್ರೆ ನಿನ್ನ ಮುಖ ಹೇಗೆ ನೋಡ್ಲಿ?"

"ನನ್ನ ಮುಖ ಏನು ಅಷ್ಟೊಂದು ಚೆನ್ನಾಗಿದ್ಯಾ?" ಅಂದಳು ಎಡಚಿ. ಇಬ್ಬರಿಗೂ ನಗು ಬಂತು, ನಗುತ್ತಾ ಎಡಚಿ ಕಣ್ಣೊರೆಸಿಕೊಂಡಳು.

ಸೋಮವಾರ ಬೆಳಿಗ್ಗೆ ಗೋಂದು ಅವಳನ್ನು ಲಾಂಡ್ರಿಗೆ ಹೋಗಲು ಬಿಡಲಿಲ್ಲ. ಸೂಟ್‌ಕೇಸಿನ ತಳದಲ್ಲಿ ಹೂತಿಟ್ಟಿದ್ದ ಅವಳ ಸೂಜಿಡಬ್ಬಿಯನ್ನು ಹುಡುಕಿ ತೆಗೆದು, ಕೈ ಹಿಡಿದು ಎಳೆದುಕೊಂಡು ನೇರ ಗ್ರಂಥಾಲಯಕ್ಕೆ ಹೋದಳು. ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡಿದರು.

"ನೀನಾ? ನಮ್ಮಲ್ಲಿ ಇಂಟರ್ನ್‌ಶಿಪ್ ಅನ್ನೋದೇ ಇಲ್ಲ. ಯಾವತ್ತೂ ಇರ್ಲಿಲ್ಲ."

"ಇಲ್ದಿದ್ರೆ ಶುರು ಮಾಡಿ ಮೇಡಂ. ನಿಮ್ಮ ಹತ್ರ ಬಿಚ್ಚಿದ ಪುಸ್ತಕ ಇದೆ, ನನ್ನ ಹತ್ರ ಅದರ ದಾರ ಇದೆ. ಇನ್ನೇನು ಬೇಕು?"

"ವೀಸಾ ಯಾವಾಗ ಮುಗಿಯುತ್ತೆ?"

"ನೀವು ಬೇಡ ಅಂದ್ರೆ ಈ ತಿಂಗಳು. ಹ್ಞೂಂ ಅಂದ್ರೆ ಆಮೇಲೆ."

ಮೇಲ್ವಿಚಾರಕಿ ನಗಲಿಲ್ಲ, ಬಯ್ಯಲೂ ಇಲ್ಲ. ಎದ್ದು ಇಬ್ಬರನ್ನೂ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಮೇಜು, ಒಂದು ದೀಪ, ಛಾವಣಿಯವರೆಗೆ ಬೆನ್ನು ಮುರಿದ ಪುಸ್ತಕಗಳು. ನಾಲ್ಕೂ ಸಂಪುಟಗಳು ಮೇಜಿನ ಮೇಲಿದ್ದವು, ಬೆಣ್ಣೆಯಿಂದ ವಾಪಸು ತಂದಿದ್ದರು. ಮೊದಲನೆಯದನ್ನು ಎಡಚಿಯ ಮುಂದೆ ಹಿಡಿದು, "ಈ ಎಡಗೈ ಹೊಲಿಗೆ ಯಾರದು?" ಎಂದು ಕೇಳಿದರು.

ಎಡಚಿ ತಪ್ಪು ಮಾಡಿದವಳ ಹಾಗೆ ಮೆಲ್ಲಗೆ ಕೈ ಎತ್ತಿದಳು.

ಮೇಲ್ವಿಚಾರಕಿ ಪುಸ್ತಕವನ್ನು ನಡುವಿನಲ್ಲಿ ತೆರೆದು, ಎರಡೂ ಮಗ್ಗುಲು ಹಿಡಿದು ಜಗ್ಗಿದರು. ಒಂದು ಮಡಿಕೆಯೂ ಜರುಗಲಿಲ್ಲ. ಮುಚ್ಚಿ ಮೇಜಿನ ಮೇಲಿಟ್ಟು, "ಇದನ್ನ ಬಿಚ್ಚೋದು ಬೇಡ" ಅಂದರು. "ಕಾಲೇಜಿನೋರ ಫೋನ್ ನಂಬರ್ ಕೊಡಿ. ಒಬ್ಬಳಿಗಾ, ಇಬ್ಬರಿಗಾ?"

"ಇಬ್ಬರಿಗೆ" ಅಂದಳು ಗೋಂದು.

ಅವರು ಫೋನು ಮಾಡಲು ಮೇಲೆ ಹೋದರು. ಗೋಂದು ನಾಲ್ಕನೆಯ ಸಂಪುಟದ ಬಿಳಿ ಪಟ್ಟಿ ಬಿಚ್ಚಿ ಮೊದಲ ಮಡಿಕೆಯನ್ನು ಮೇಜಿನ ಮೇಲಿಟ್ಟಳು. ಜೇಬಿನಿಂದ ದಾರದ ಉಂಡೆ ತೆಗೆದಳು, ಸೂಜಿಗೆ ಪೋಣಿಸಿ ಎಡಚಿಯ ಎಡಗೈಗೆ ಕೊಟ್ಟಳು.

"ಮೊದಲ ಗಂಟು ನೀನು ಹಾಕು" ಅಂದಳು.